ಮೊದಲ ಗುಟುಕು ಚಿಕ್ಕಪ್ಪನದು

ನಮ್ಮ ಚಿಕ್ಕಪ್ಪ ತಮ್ಮ ಹೆಂಡತಿಯ ಚಪ್ಪಲಿ ಹಾಕಿಕೊಂಡು ಕಮರ್ಷಿಯಲ್ ಸ್ಟ್ರೀಟಿನಲ್ಲಿ ನಡೆದಿದ್ದಾರೆ. ಹೆಂಡತಿಯ ಮಾತ್ರೆ ನುಂಗಿದ್ದಾರೆ. ಹೆಂಡತಿಯ ಕಷಾಯ ಕುಡಿದಿದ್ದಾರೆ. ಹೆಂಡತಿಗೆಂದು ತಂದ ಹೊಸ ದಿಂಬಿನ ಮೇಲೆ ಮೊದಲು ತಾವು ಮಲಗಿ, ಬೆಳಿಗ್ಗೆ ಎದ್ದು ಕುತ್ತಿಗೆಯನ್ನು ಎಡಕ್ಕೂ ಬಲಕ್ಕೂ ತಿರುಗಿಸಿ ನೋಡಿ, "ಪರವಾಗಿಲ್ಲ, ಇನ್ಮೇಲೆ ನೀನು ಮಲಗ್ಬಹುದು" ಎಂದು ಅಪ್ಪಣೆ ಕೊಟ್ಟಿದ್ದಾರೆ. ಇಂಥ ಗಂಡಂದಿರು ಊರಿಗೆ ಎಷ್ಟು ಜನ ಸಿಗುತ್ತಾರೆ ಹೇಳಿ? ಸಿಕ್ಕರೂ ಎಷ್ಟು ಜನ ಹೆಂಗಸರು ಸಹಿಸಿಕೊಂಡಾರು ಎನ್ನುವುದು ಬೇರೆ ಮಾತು!

ಈ ಕಾಯಿಲೆ ಅವರಿಗೆ ಕಾರ್ಖಾನೆಯಿಂದ ಅಂಟಿದ್ದು ಎಂದೇ ನಾವೆಲ್ಲ ಬಹಳ ಕಾಲ ನಂಬಿದ್ದೆವು. ಚಿಕ್ಕಪ್ಪ ಕೆ.ಆರ್. ಪುರದ ಕಡೆಯ ಒಂದು ಸರ್ಕಾರಿ ಕಾರ್ಖಾನೆಯಲ್ಲಿ, ಇನ್ಸ್‌ಪೆಕ್ಷನ್ ವಿಭಾಗದಲ್ಲಿದ್ದು ನಿವೃತ್ತರಾದವರು. ಅಲ್ಲಿ ಮೆಷೀನಿಗೆ ಹೊಸ ಕೆಲಸ ಹಚ್ಚಿದಾಗ ಮೊದಲು ಒಂದೇ ಒಂದು ತುಂಡು ಮಾಡುತ್ತಾರಂತೆ. ಅದಕ್ಕೆ ಫಸ್ಟ್ ಪೀಸ್ ಎಂದು ಹೆಸರು. ಅದನ್ನು ಚಿಕ್ಕಪ್ಪನ ಮೇಜಿನ ಮೇಲೆ ತಂದಿಡಬೇಕು. ಅವರು ಅದನ್ನು ಅಳೆದು, ಬೆಳಕಿಗೆ ಹಿಡಿದು, ಉಗುರಿನಿಂದ ಕೆರೆದು, ಮೂಗಿನ ಹತ್ತಿರ ತಂದು, "ಪಾಸ್" ಎನ್ನುವ ತನಕ ಅಷ್ಟು ದೊಡ್ಡ ಮೆಷೀನು ಕೈಕಟ್ಟಿಕೊಂಡು ನಿಂತಿರಬೇಕು. ಪಾಸ್ ಎಂದ ಮೇಲೆಯೇ ಉಳಿದ ಲಾಟು. ನಿವೃತ್ತಿಯ ದಿನ ಕಾರ್ಖಾನೆಯವರು ಶಾಲು, ಹಾರ, ಗೋಡೆ ಗಡಿಯಾರ ಕೊಟ್ಟು ಕಳಿಸಿದರು. ಇವರು ಅದರ ಜೊತೆಗೆ ಫಸ್ಟ್ ಪೀಸನ್ನೂ ಕಟ್ಟಿಕೊಂಡು ಬಂದರು. ಮನೆಯಲ್ಲಿ ಲಾಟು ಅಂದರೆ ಚಿಕ್ಕಮ್ಮ. ಫಸ್ಟ್ ಪೀಸು ಅಂದರೆ ಇವರೇ!

ಬೆಳಿಗ್ಗೆ ಚಿಕ್ಕಮ್ಮ ಎರಡು ಲೋಟ ಕಾಫಿ ತಂದರೆ ಎರಡರಲ್ಲೂ ಮೊದಲ ಗುಟುಕು ಚಿಕ್ಕಪ್ಪನದು. ಒಂದು ಕ್ಷಣ ಕಣ್ಣು ಮುಚ್ಚಿ ನಾಲಗೆ ಚಪ್ಪರಿಸಿ, "ಹೂಂ, ಪಾಸ್. ಕುಡಿ" ಎನ್ನುತ್ತಾರೆ. ಡಿಕಾಕ್ಷನ್ ಇಳಿಸಿದವರು ಚಿಕ್ಕಮ್ಮ, ಹಾಲು ಕಾಯಿಸಿದವರು ಚಿಕ್ಕಮ್ಮ, ಬೆರೆಸಿ ಹೊತ್ತು ತಂದವರು ಚಿಕ್ಕಮ್ಮ. ಕುಡಿಯಲು ಅವರಿಗೇ ಅನುಮತಿ ಬೇಕು! ಚಿಕ್ಕಮ್ಮ ಮಾತ್ರ ಒಂದು ದಿನವೂ ಮುಖ ಗಂಟಿಕ್ಕಿದವರಲ್ಲ. ಸೆರಗಿನಿಂದ ಲೋಟ ಹಿಡಿದು, ಚಿಕ್ಕಪ್ಪನ ಮುಖ ನೋಡುತ್ತಾ, ಅಪ್ಪಣೆ ಬರುವ ತನಕ ತಾಳ್ಮೆಯಿಂದ ನಿಂತಿರುತ್ತಾರೆ.

ಇನ್ನು ಚಪ್ಪಲಿ ವಿಷಯ. ಕಮರ್ಷಿಯಲ್ ಸ್ಟ್ರೀಟಿನ ಅಂಗಡಿಯೊಂದರಲ್ಲಿ ಚಿಕ್ಕಮ್ಮ ತಕ್ಕಮಟ್ಟಿನ ಹಿಮ್ಮಡಿ ಇರುವ ಒಂದು ಜೊತೆ ಆರಿಸಿದರು. ಚಿಕ್ಕಪ್ಪ ಅದನ್ನು ಕಸಿದುಕೊಂಡು ತಮ್ಮ ಪಾದ ತುರುಕತೊಡಗಿದರು.

"ಸಾರ್, ಅದು ಲೇಡೀಸ್ ಸಾರ್!" ಎಂದು ಅಂಗಡಿಯವನು ಹೌಹಾರಿದ.

"ಗೊತ್ತಪ್ಪಾ. ಜಾರುತ್ತಾ ಅಂತ ನೋಡ್ಬೇಕಲ್ಲ."

ಅರ್ಧ ಪಾದ ಒಳಗೆ, ಅರ್ಧ ಪಾದ ಹೊರಗೆ, ಆ ಜನಜಂಗುಳಿಯಲ್ಲಿ ಚಿಕ್ಕಪ್ಪ ಆಚೆ ತುದಿಯ ಬಳೆ ಅಂಗಡಿಯ ತನಕ ಹೋಗಿ ಬಂದರು. ಬರುವಾಗ ಒಂದು ಹಿಮ್ಮಡಿ ಕೈಯಲ್ಲಿತ್ತು. "ನೋಡಿದ್ಯಾ, ರಿಜೆಕ್ಟ್!" ಎಂದು ಗೆದ್ದವರಂತೆ ಅದನ್ನು ಎತ್ತಿ ತೋರಿಸಿದರು. ಅಷ್ಟು ಭಾರದ ಗಂಡಸು ಹತ್ತಿ ನಿಂತರೆ ಯಾವ ಹಿಮ್ಮಡಿ ತಾನೇ ಪಾಸಾದೀತು?

ಮೆಟ್ರೋ ಹೊಸದಾಗಿ ಬಂದಾಗಿನ ಕಥೆ ಇದಕ್ಕಿಂತ ಸೊಗಸು. ಇಂದಿರಾನಗರದ ನಿಲ್ದಾಣದಲ್ಲಿ ಚಿಕ್ಕಮ್ಮನನ್ನು ಪ್ಲಾಟ್‌ಫಾರ್ಮಿನ ಮೇಲೆ ನಿಲ್ಲಿಸಿ, "ಮೊದಲು ನಾನು ಹತ್ತಿ ನೋಡ್ತೀನಿ" ಎಂದು ಒಳಗೆ ಕಾಲಿಟ್ಟರು. ಬಾಗಿಲು ಮುಚ್ಚಿಕೊಂಡಿತು! ಗಾಜಿನಾಚೆ ಕೈಯಾಡಿಸುತ್ತಾ ಹೊರಟ ಚಿಕ್ಕಪ್ಪ ಹಲಸೂರು ತಲುಪಿದವರೇ ಫೋನ್ ಮಾಡಿದರು. "ರೈಲು ಚೆನ್ನಾಗಿದೆ ಕಣೇ. ಏನೂ ಭಯ ಇಲ್ಲ. ನೀನು ಬರ್ಬಹುದು." ಅಷ್ಟು ಹೊತ್ತಿಗೆ ಚಿಕ್ಕಮ್ಮ ಆಟೋದಲ್ಲಿ ಮನೆ ದಾರಿ ಹಿಡಿದಿದ್ದರು.

ಇವೆಲ್ಲ ನಾವು ನಕ್ಕ ಕಥೆಗಳು. ನಗು ಹೊರಟುಹೋದ ಕಥೆ ಚಿಕ್ಕಮ್ಮನ ದಮ್ಮಿನಿಂದ ಶುರುವಾಗುತ್ತದೆ.

ಚಿಕ್ಕಮ್ಮನ ಎದೆ ಮೊದಲಿನಿಂದಲೂ ಸೂಕ್ಷ್ಮ. ಮೋಡ ಕವಿದರೆ ಸಾಕು, ಉಸಿರಿನ ಜೊತೆ ಸಣ್ಣಗೆ ಸಿಳ್ಳೆ ಕೇಳಿಸುತ್ತದೆ. ಮಕ್ಕಳಿಲ್ಲದ ಆ ಮನೆಗೆ ನಾನೇ ಮಗಳು. ಹಾಗಾಗಿ ಅವರಿಬ್ಬರನ್ನೂ ಕೆ.ಆರ್. ಪುರದ ಅವರ ಮನೆಯಿಂದ ಕರೆತಂದು ಕಾಕ್ಸ್ ಟೌನಿನ ನಮ್ಮ ಮನೆ ಹತ್ತಿರದ ಡಾಕ್ಟರಮ್ಮನಿಗೆ ತೋರಿಸುವುದು ನನ್ನ ಕೆಲಸ. ಚಿಕ್ಕಮ್ಮನಿಗೆ ಬಾಯಿಗೆ ಹೊಡೆದುಕೊಳ್ಳುವ ಪಂಪು ಬರೆದುಕೊಟ್ಟ ದಿನ ಮೊದಲ ಪಂಪು ಯಾರು ಹೊಡೆದುಕೊಂಡಿರಬಹುದು? ಎದೆ ಡವಡವ, ಕೈ ಗಡಗಡ! ಆವತ್ತು ಡಾಕ್ಟರಮ್ಮ ಚಿಕ್ಕಪ್ಪನಿಗೆ ಎಂಥ ಮಂಗಳಾರತಿ ಮಾಡಿದರೆಂದರೆ ಹೊರಗೆ ಕಾಯುತ್ತಿದ್ದವರೆಲ್ಲ ತಲೆ ತಗ್ಗಿಸಿ ಕೂತರು.

"ಅವರ ಔಷಧಿ ನೀವು ಮುಟ್ಟಕೂಡದು. ಗೊತ್ತಾಯ್ತಾ?"

"ಗೊತ್ತಾಯ್ತು" ಎಂದರು ಚಿಕ್ಕಪ್ಪ. ಮನೆಗೆ ಬಂದ ಮೇಲೆ, "ಪಂಪು ಜೋರಾಗಿದೆ, ಮೆಲ್ಲಗೆ ಎಳ್ಕೋ" ಎಂದು ಚಿಕ್ಕಮ್ಮನಿಗೆ ವರದಿಯನ್ನೂ ಒಪ್ಪಿಸಿದರು.

ಕಳೆದ ಮಳೆಗಾಲದಲ್ಲಿ ಅದೇ ಡಾಕ್ಟರಮ್ಮ ಲಸಿಕೆಯ ಮಾತೆತ್ತಿದರು. ಆರ್‌ಎಸ್‌ವಿ ಅಂತ ಒಂದು ವೈರಸ್ಸು, ಎದೆಗೆ ಇಳಿಯುವಂಥದ್ದು.

"ಇಂಜಿನಿಯರಿಂಗ್ ಕಾಲೇಜಿನ ಹೆಸರಿದ್ದಂಗಿದೆ" ಎಂದರು ಚಿಕ್ಕಪ್ಪ.

ಡಾಕ್ಟರಮ್ಮ ನಗಲಿಲ್ಲ. "ನಮ್ಮಂಥೋರಿಗೆ ಬಂದ್ರೆ ನೆಗಡಿ ಥರ ಬಂದು ಹೋಗುತ್ತೆ. ಹಸುಗೂಸುಗಳಿಗೆ, ವಯಸ್ಸಾದೋರಿಗೆ ಕಷ್ಟ. ಅದರಲ್ಲೂ ಇವರ ಶ್ವಾಸಕೋಶಕ್ಕೆ ಅದು ಬರ್ಲೇಬಾರ್ದು. ಈಗ ದೊಡ್ಡೋರಿಗೆ ಲಸಿಕೆ ಇದೆ. ನಿಮ್ಮಿಬ್ರಿಗೂ ಇವತ್ತೇ ಹಾಕ್ಬಿಡೋಣ."

ನನಗೆ ಒಳಗೊಳಗೇ ಗೊತ್ತಿತ್ತು, ಇದು ಇಷ್ಟು ಸಲೀಸಾಗಿ ಮುಗಿಯುವ ಮಾತಲ್ಲ ಎಂದು.

"ನನಗೆ ಹಾಕಿ" ಎಂದು ಚಿಕ್ಕಪ್ಪ ತೋಳು ಚಾಚಿದರು. "ಇವಳಿಗೆ ಹುಣ್ಣಿಮೆ ಕಳೀಲಿ, ಆಮೇಲೆ."

ಆವತ್ತು ಅಮಾವಾಸ್ಯೆಯ ಮಾರನೆಯ ದಿನ.

"ಹುಣ್ಣಿಮೆಗೂ ಲಸಿಕೆಗೂ ಏನ್ರೀ ಸಂಬಂಧ?"

"ಹುಣ್ಣಿಮೆಗೆ ಸಂಬಂಧ ಇಲ್ಲ ಡಾಕ್ಟ್ರೇ. ಒಂದು ಪಕ್ಷ ನೋಡೋಣ ಅಂತ. ನನಗೇನೂ ಆಗ್ಲಿಲ್ಲ ಅಂದ್ರೆ ಇವಳಿಗೂ ಆಗಲ್ಲ."

"ಅದು ಹಾಗಲ್ಲ ಸಾರ್. ನಿಮ್ಮ ಮೈ ಬೇರೆ, ಅವರ ಮೈ ಬೇರೆ. ನಿಮಗೆ ಒಗ್ಗಿದ್ರೆ ಅವರಿಗೂ ಒಗ್ಗುತ್ತೆ ಅಂತ ಏನೂ ಗ್ಯಾರಂಟಿ ಇಲ್ಲ."

"ಎಲ್ಲಿ ಬೇರೆ? ಮದುವೆ ಆದಾಗಿಂದ ಒಂದೇ ಅಡುಗೆ, ಒಂದೇ ನೀರು, ಒಂದೇ ಸೊಳ್ಳೆ! ನಾವಿಬ್ರೂ ಒಂದೇ ಬ್ಯಾಚು ಡಾಕ್ಟ್ರೇ!"

ಡಾಕ್ಟರಮ್ಮ ನನ್ನ ಮುಖ ನೋಡಿದರು. ನಾನು ಚಿಕ್ಕಮ್ಮನ ಮುಖ ನೋಡಿದೆ. ಚಿಕ್ಕಮ್ಮ ಗೋಡೆಯ ಮೇಲಿನ ಮಗುವಿನ ಚಿತ್ರ ನೋಡುತ್ತಿದ್ದರು.

"ನೀವು ಏನಂತೀರಮ್ಮಾ? ಹಾಕಿಸ್ಕೊಳ್ಳೋರು ನೀವು" ಎಂದು ಡಾಕ್ಟರಮ್ಮ ನೇರವಾಗಿ ಕೇಳಿದರು.

"ಅವರು ನೋಡ್ಲಿ ಬಿಡಿ. ಹುಣ್ಣಿಮೆ ಏನು ಅಷ್ಟು ದೂರ ಇಲ್ವಲ್ಲ" ಎಂದುಬಿಟ್ಟರು ಚಿಕ್ಕಮ್ಮ.

ಆಮೇಲೆ ಶುರುವಾಯಿತು ನೋಡಿ ತೋಳಿನ ದರ್ಶನ! ಬಂದವರಿಗೆಲ್ಲ ಅಂಗಿಯ ತೋಳು ಮಡಚಿ ತೋರಿಸುವುದು. ಹಾಲು ಹಾಕುವವನು ನೋಡಿದ. ಇಸ್ತ್ರಿಯವನು ನೋಡಿದ. ಕಾರ್ಖಾನೆಯಲ್ಲಿ ಚಿಕ್ಕಪ್ಪನ ಪಕ್ಕದ ಮೇಜಿನಲ್ಲಿದ್ದ ಗೆಳೆಯರೊಬ್ಬರಿದ್ದಾರೆ, ಫ್ರೇಜರ್ ಟೌನಿನವರು. ನಾವೆಲ್ಲ ಅವರನ್ನು ಭಾಯಿ ಎಂದೇ ಕರೆಯುವುದು. ಅವರಂತೂ ಕನ್ನಡಕ ಏರಿಸಿಕೊಂಡು ಆ ತೋಳನ್ನು ಬಹಳ ಹೊತ್ತು ಪರೀಕ್ಷಿಸಿ, "ಅರೇ ಯಾರ್, ಇದರಲ್ಲಿ ಏನೂ ಇಲ್ಲ. ಸೊಳ್ಳೆ ಕಚ್ಚಿದ್ರೆ ಇದಕ್ಕಿಂತ ಜಾಸ್ತಿ ಊದುತ್ತೆ. ಭಾಭೀಗೂ ಹಾಕಿಸ್ಬಿಡು" ಎಂದರು. ಭಾಯಿಯ ಮಾತಿಗೆ ಕಾರ್ಖಾನೆಯಲ್ಲೇ ಬೆಲೆ ಕೊಡದವರು ಈಗ ಕೊಡುತ್ತಾರೆಯೇ?

ಎಲ್ಲ ಸರಿಯಾಗಿ ನಡೆದಿದ್ದರೆ ಹುಣ್ಣಿಮೆಗೆ ಮುಗಿದುಹೋಗುತ್ತಿತ್ತು. ಆದರೆ ಹುಣ್ಣಿಮೆ ಎದುರಿಗಿರುವಾಗ ಚಿಕ್ಕಪ್ಪನಿಗೆ ಹೊಟ್ಟೆ ಕೆಟ್ಟಿತು. ಹಿಂದಿನ ದಿನ ಭಾಯಿಯ ಮನೆಯ ಮದುವೆಯಲ್ಲಿ ಸಿಹಿ ಸ್ವಲ್ಪ ಹೆಚ್ಚೇ ತಿಂದಿದ್ದರು. ಕಾರಣ ಕಣ್ಣೆದುರಿಗೇ ಇತ್ತು. ಆದರೆ ಇನ್ಸ್‌ಪೆಕ್ಷನ್ ವಿಭಾಗ ಒಪ್ಪಬೇಕಲ್ಲ!

"ಸಿಹಿಯಿಂದ ಆಯ್ತೋ, ಲಸಿಕೆಯಿಂದ ಆಯ್ತೋ ಹೇಗೆ ಹೇಳ್ತೀಯಾ? ಡೌಟು ಬಂದ ಪೀಸನ್ನ ಪಾಸ್ ಮಾಡಕ್ಕಾಗಲ್ಲ. ಇನ್ನೊಂದು ಪಕ್ಷ ನೋಡೋಣ" ಎಂದರು ಫೋನಿನಲ್ಲಿ.

ನನಗೆ ಅಳುವುದೋ ಕೂಗಾಡುವುದೋ ತಿಳಿಯಲಿಲ್ಲ. ಆ ದಿನಗಳಲ್ಲಿ ನನ್ನ ತಲೆ ನೆಟ್ಟಗಿರಲಿಲ್ಲ. ಆಫೀಸಿನಲ್ಲಿ ಯಾರಾದರೂ ಕೆಮ್ಮಿದರೆ ಕುರ್ಚಿ ದೂರ ಎಳೆದುಕೊಳ್ಳುತ್ತಿದ್ದೆ. ಬಸ್ಸಿನಲ್ಲಿ ಯಾರೋ ಸೀನಿದರೆ, ಇವರು ಕೆ.ಆರ್. ಪುರದವರೋ, ಎಲ್ಲಿ ಇಳಿಯುತ್ತಾರೋ ಎಂದು ತಿರುಗಿ ನೋಡುತ್ತಿದ್ದೆ! ಮಳೆ ಬಿಡುವಂತೆಯೇ ಇರಲಿಲ್ಲ. ಕೊನೆಗೆ ಚಿಕ್ಕಪ್ಪ ತರಕಾರಿಗೆ ಹೋದ ಹೊತ್ತು ನೋಡಿ ಚಿಕ್ಕಮ್ಮನಿಗೆ ಫೋನ್ ಮಾಡಿದೆ.

"ಚಿಕ್ಕಮ್ಮಾ, ನಾನು ಕಾರ್ ತರ್ತೀನಿ. ಸುಮ್ನೆ ಹೋಗಿ ಹಾಕಿಸ್ಕೊಂಡು ಬಂದ್ಬಿಡೋಣ. ಅವರಿಗೆ ಗೊತ್ತಾಗಲ್ಲ."

"ಬೇಡ ಕಣೇ. ಆಮೇಲೆ ಗೊತ್ತಾದ್ರೆ ಬಹಳ ನೊಂದ್ಕೋತಾರೆ. ಅವರಿಗೆ ಧೈರ್ಯ ಬರ್ಲಿ ತಡಿ."

ಧೈರ್ಯ ಬರುವ ಮೊದಲು ವೈರಸ್ಸು ಬಂತು. ಮಹದೇವಪುರದಲ್ಲಿ ನೆಂಟರ ಮನೆಯ ನಾಮಕರಣ. ಚಿಕ್ಕಮ್ಮ ಮಗುವನ್ನು ತೊಡೆಯ ಮೇಲಿಂದ ಇಳಿಸಲೇ ಇಲ್ಲವಂತೆ. ಮಗುವಿಗೆ ಮೂಗು ಸೋರುತ್ತಿತ್ತಂತೆ, ಗೊರಗೊರ ಕೆಮ್ಮು ಇತ್ತಂತೆ. ಅಲ್ಲಿ ಬಡಿಸಿದ ಪಾಯಸವನ್ನು ಚಿಕ್ಕಪ್ಪ ಮೊದಲು ಕುಡಿದು ನೋಡಿ ಪಾಸ್ ಮಾಡಿದ್ದರು. ಮಗುವನ್ನು ಯಾರು ಪಾಸ್ ಮಾಡುತ್ತಾರೆ?

ಕೆಲವೇ ದಿನಗಳಲ್ಲಿ ಚಿಕ್ಕಮ್ಮನಿಗೆ ನೆಗಡಿ, ಆಮೇಲೆ ಜ್ವರ. ಒಂದು ಮಧ್ಯಾಹ್ನ ಚಿಕ್ಕಪ್ಪನ ಫೋನು. "ಬಾರಮ್ಮಾ. ಪಂಪು ಕೆಲಸ ಮಾಡ್ತಿಲ್ಲ" ಎಂದರು. ಆ ದನಿಯನ್ನು ನಾನು ಅದುವರೆಗೆ ಕೇಳಿರಲಿಲ್ಲ.

ಟ್ಯಾಕ್ಸಿಯ ಹಿಂದಿನ ಸೀಟಿನಲ್ಲಿ ಚಿಕ್ಕಮ್ಮನನ್ನು ಒರಗಿಸಿಕೊಂಡು ಕೂತು ಇಂದಿರಾನಗರದ ಕಡೆಯ ಆಸ್ಪತ್ರೆಗೆ ಹೊರಟೆವು. ಟಿನ್ ಫ್ಯಾಕ್ಟರಿ ಸಿಗ್ನಲ್ ಹತ್ತಿರ ವಾಹನಗಳು ಹೂತುಹೋದಂತೆ ನಿಂತಿದ್ದವು. ಚಿಕ್ಕಮ್ಮನ ಉಸಿರು ಒಂದೊಂದೇ ಕೇಳುತ್ತಿತ್ತು, ಮುಂದಿನದು ಬರುವ ತನಕ ನನ್ನದೂ ನಿಂತಿರುತ್ತಿತ್ತು. ಚಿಕ್ಕಪ್ಪ ತಾವೇ ದೊಡ್ಡದಾಗಿ ಉಸಿರೆಳೆದು ಬಿಟ್ಟು ತೋರಿಸುತ್ತಿದ್ದರು. "ಹೀಗೆ, ನೋಡು, ಹೀಗೆ. ನನಗೆ ಬರ್ತಿದೆ ನೋಡು. ನಿನಗೂ ಬರುತ್ತೆ." ಬೇರೆ ದಿನವಾಗಿದ್ದರೆ ನಾನು ಬಿದ್ದು ಬಿದ್ದು ನಗುತ್ತಿದ್ದೆ.

ಆಸ್ಪತ್ರೆಯಲ್ಲಿ ಎಲ್ಲವೂ ಓಡೋಡಿ ನಡೆಯಿತು. ನರ್ಸ್ ಆಕ್ಸಿಜನ್ ಮಾಸ್ಕ್ ಹಿಡಿದು ಬಂದಳು. ಚಿಕ್ಕಪ್ಪ ಅಡ್ಡ ನಿಂತು ಎರಡೂ ಕೈ ಚಾಚಿದರು.

"ಒಂದ್ನಿಮಿಷ ಸಿಸ್ಟರ್. ಮೊದಲು ನನಗೆ ಹಾಕಿ."

"ಸಾರ್, ಈಗ ಟೈಮ್ ಇಲ್ಲ ಸಾರ್. ದಯವಿಟ್ಟು ಸರೀರಿ!"

ಆಕೆ ಅವರನ್ನು ಪಕ್ಕಕ್ಕೆ ಸರಿಸಿ ಮಾಸ್ಕನ್ನು ಚಿಕ್ಕಮ್ಮನ ಮುಖಕ್ಕೆ ಕಟ್ಟಿದಳು. ಪರದೆ ಎಳೆದರು. ಚಾಚಿದ ಕೈಗಳನ್ನು ಏನು ಮಾಡಬೇಕೆಂದು ತಿಳಿಯದೆ ಚಿಕ್ಕಪ್ಪ ಹಾಗೆಯೇ ನಿಂತಿದ್ದರು. ನನಗೆ ಅವರ ಮೇಲೆ ಸಿಟ್ಟಿತ್ತು, ಸುಳ್ಳು ಯಾಕೆ ಹೇಳಲಿ? ಬಹಳ ಸಿಟ್ಟಿತ್ತು. ಆದರೂ ಆ ಕೈಗಳನ್ನು ನೋಡಿ ಸಂಕಟವಾಯಿತು.

ಪರದೆಯ ಹಿಂದೆ ಏನಾಗುತ್ತಿದೆಯೋ ಗೊತ್ತಿಲ್ಲ. ಹೊರಗೆ ಚಿಕ್ಕಪ್ಪ ಹಾದುಹೋಗುವವರನ್ನೆಲ್ಲ ತಡೆದು, "ಅವಳಿಗೆ ಪೆನಿಸಿಲಿನ್ ಕೊಡ್ಬೇಡಿ" ಎನ್ನತೊಡಗಿದರು. ಡಾಕ್ಟರಿಗೆ ಹೇಳಿದರು, ಸರಿ. ನರ್ಸಿಗೆ ಹೇಳಿದರು, ಸರಿ. ಲಿಫ್ಟಿನವನಿಗೆ ಹೇಳಿದರು. ನೆಲ ಒರೆಸುವಾಕೆಗೆ ಹೇಳಿದರು. "ಆಯ್ತು ಸಾರ್, ಕೊಡಲ್ಲ ಸಾರ್" ಎಂದು ಆಕೆ ಪಾಪ ಭರವಸೆ ಕೊಟ್ಟಳು!

ಸುದ್ದಿ ತಿಳಿದು ಬಂದ ಭಾಯಿ ನನ್ನ ಪಕ್ಕ ಕೂತರು. "ಇವನಿಗೆ ಈ ಹುಚ್ಚು ಕಾರ್ಖಾನೆಯಿಂದ ಬಂದಿದ್ದು ಅಂತ ಎಲ್ರೂ ಅಂತೀರ ಅಲ್ವಾ ಬೇಟಿ? ಅಲ್ಲ. ಆಗಿನ್ನೂ ಹೊಸದಾಗಿ ಮದುವೆ ಆಗಿತ್ತು. ಕ್ವಾರ್ಟರ್ಸ್‌ನಲ್ಲಿದ್ರು. ಭಾಭೀಗೆ ಗಂಟಲು ನೋವು, ಜ್ವರ. ಇವನೇ ಸೈಕಲ್ ಮೇಲೆ ಕೂರಿಸ್ಕೊಂಡು ಹೋಗಿ ಇಂಜೆಕ್ಷನ್ ಕೊಡಿಸ್ದ. ಪೆನಿಸಿಲಿನ್. ಕೊಟ್ಟ ತಕ್ಷಣ ಮುಖ ಊದ್ಕೊಂಡು ಉಸಿರು ನಿಂತೋಯ್ತು. ಬದುಕಿದ್ದೇ ಹೆಚ್ಚು. ಮಾರನೇ ದಿನ ಡ್ಯೂಟಿಗೆ ಬಂದೋನು ನನ್ನ ಮುಂದೆ ಕೂತು ಅತ್ತ. 'ನನಗೆ ಮೊದಲು ಕೊಡಿ ಅಂತ ಕೇಳ್ಬೇಕಿತ್ತು ಭಾಯಿ' ಅಂದ. ಅವತ್ತಿಂದ ಹೀಗೆ."

ಮೊದಲು ಚಿಕ್ಕಪ್ಪನಿಗೆ ಕೊಟ್ಟಿದ್ದರೆ ಅವರಿಗೇನೂ ಆಗುತ್ತಿರಲಿಲ್ಲ, ಆಮೇಲೆ ಚಿಕ್ಕಮ್ಮನಿಗೆ ಕೊಟ್ಟೇ ಕೊಡುತ್ತಿದ್ದರು. ಇಷ್ಟು ಸರಳ ಲೆಕ್ಕ ಇನ್ಸ್‌ಪೆಕ್ಷನ್ ವಿಭಾಗದವರಿಗೆ ತಿಳಿಯಲಿಲ್ಲವೇ? ತಿಳಿದಿತ್ತೆಂದೇ ಈಗ ನನಗೆ ಅನಿಸುತ್ತದೆ. ಸುಮ್ಮನೆ ನಿಂತು ನೋಡುವುದು ಅವರಿಂದ ಆಗುತ್ತಿರಲಿಲ್ಲ, ಅಷ್ಟೇ.

ಚಿಕ್ಕಮ್ಮ ಉಳಿದುಕೊಂಡರು. ಆರ್‌ಎಸ್‌ವಿಯೇ ಎಂದು ಪರೀಕ್ಷೆಯಲ್ಲಿ ಗೊತ್ತಾಯಿತು. ವಾರ್ಡಿಗೆ ತಂದ ದಿನ, ಅವರು ನಿದ್ದೆ ಹೋಗಿದ್ದಾಗ, ಚಿಕ್ಕಪ್ಪ ಕಿಟಕಿಯ ಹತ್ತಿರ ನಿಂತು ನನಗೆ ಹೇಳಿದರು. "ಯಾವಾಗ್ಲೂ ಇವಳ ಮುಂದೆ ನಿಂತಿದೀನಿ ಅಂದ್ಕೊಂಡಿದ್ದೆ ಕಣಮ್ಮ. ಈ ಸಲ ಅಡ್ಡ ನಿಂತ್ಬಿಟ್ಟೆ."

ಸಿಟ್ಟು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಕ್ಯಾಂಟೀನಿಗೆ ಕರೆದುಕೊಂಡು ಹೋಗಿ ಇಡ್ಲಿ ತಿನ್ನಿಸಿದೆ.

ಚಿಕ್ಕಮ್ಮ ಪೂರ್ತಿ ಚೇತರಿಸಿಕೊಂಡ ಮೇಲೆ ಮತ್ತೆ ಕಾಕ್ಸ್ ಟೌನಿನ ಡಾಕ್ಟರಮ್ಮನ ಮುಂದೆ ಕೂತೆವು. ಒಂದು ಸಲ ಬಂದು ಹೋದರೂ ಈ ವೈರಸ್ಸು ಮತ್ತೆ ಬರಬಹುದಂತೆ. ಈಗಲಾದರೂ ಲಸಿಕೆ ಹಾಕಿಸಿಕೊಳ್ಳಿ ಎಂದರು. ಪೆನಿಸಿಲಿನ್ ಕಥೆಯನ್ನೂ ಕೇಳಿಸಿಕೊಂಡು, ಅದಕ್ಕೂ ಇದಕ್ಕೂ ಸಂಬಂಧವಿಲ್ಲ, ಆದರೂ ಹಾಕಿದ ಮೇಲೆ ಅರ್ಧ ಗಂಟೆ ಇಲ್ಲೇ ಕೂರಿಸಿಕೊಂಡು ನೋಡುತ್ತೇವೆ ಎಂದರು. ಚಿಕ್ಕಪ್ಪ ತಲೆಯಾಡಿಸಿದರು. ಆಮೇಲೆ ಮೆಲ್ಲಗೆ ಕೇಳಿದರು.

"ಇದು ನನಗೆ ಹಾಕಿದ ಬ್ಯಾಚೇನಾ ಡಾಕ್ಟ್ರೇ?"

"ಅಲ್ಲ, ಇದು ಹೊಸದಾಗಿ ಬಂದಿದ್ದು."

ಚಿಕ್ಕಪ್ಪ ತಮ್ಮ ಅಂಗಿಯ ತೋಳು ಮಡಚತೊಡಗಿದರು. ಬ್ಯಾಚು ಬದಲಾದರೆ ಹಳೆಯ ಫಸ್ಟ್ ಪೀಸಿಗೆ ಯಾವ ಬೆಲೆ? ಅಷ್ಟೆಲ್ಲ ಅನುಭವಿಸಿದ್ದು ದಂಡ!

"ಹಾಗಾದ್ರೆ... ನನಗೆ ಇನ್ನೊಂದು..."

"ನಿಮಗಾಗಿದೆ ಸಾರ್. ಇನ್ನೊಂದು ಬೇಕಿಲ್ಲ, ನಾನು ಕೊಡೋದೂ ಇಲ್ಲ."

ಮತ್ತೆ ಹುಣ್ಣಿಮೆ, ಮತ್ತೆ ಅಮಾವಾಸ್ಯೆ, ಮತ್ತೆ ಆ ಪರದೆ! ಚಿಕ್ಕಪ್ಪ ಬೇಡ ಎಂದುಬಿಟ್ಟರೆ ಈ ಸಲ ನಾನು ಸುಮ್ಮನಿರುವವಳಲ್ಲ ಎಂದು ಬಾಯಿ ತೆರೆಯುವಷ್ಟರಲ್ಲಿ ನೋಡುತ್ತೇನೆ, ಚಿಕ್ಕಮ್ಮ ಆಗಲೇ ಎದ್ದು ಲಸಿಕೆ ಹಾಕುವ ಕುರ್ಚಿಯಲ್ಲಿ ಕೂತು ರವಿಕೆಯ ತೋಳು ಏರಿಸಿದ್ದಾರೆ.

"ರೀ, ನೀವು ಬೇಕಾದ್ರೆ ಆ ಕಡೆ ತಿರುಗಿ ಕೂತ್ಕೊಳ್ಳಿ. ಹಾಕಿ ಡಾಕ್ಟ್ರೇ."

ಚಿಕ್ಕಪ್ಪ ತಿರುಗಲಿಲ್ಲ. ಸೂಜಿ ಹೋಗಿ ಬರುವ ತನಕ ತಮ್ಮ ತೋಳನ್ನೇ ಗಟ್ಟಿಯಾಗಿ ಹಿಡಿದುಕೊಂಡಿದ್ದರು.

ಹೊರಗಿನ ಬೆಂಚಿನ ಮೇಲೆ ಮೂವರೂ ಕೂತೆವು. ಚಿಕ್ಕಪ್ಪ ಚಿಕ್ಕಮ್ಮನ ಮುಖದಿಂದ ಕಣ್ಣು ತೆಗೆಯಲಿಲ್ಲ. ತುಟಿ ಊದಿತೇ? ಕಣ್ಣು ಕೆಂಪಾಯಿತೇ? ಚಿಕ್ಕಮ್ಮ ಮೂಗು ತುರಿಸಿಕೊಂಡರು. "ಏನಾಯ್ತು? ಏನಾಯ್ತು?" ಎಂದು ಇವರು ಅರ್ಧ ಎದ್ದೇಬಿಟ್ಟರು. ಗೋಡೆ ಗಡಿಯಾರದ ಮುಳ್ಳು ಮುಂದಕ್ಕೆ ಹೋಗುತ್ತಿದೆಯೋ ಇಲ್ಲವೋ ಎಂದು ನಾನೂ ಮತ್ತೆ ಮತ್ತೆ ನೋಡುತ್ತಿದ್ದೆ. ಹೇಳಿಕೊಳ್ಳದಿದ್ದರೂ ನನಗೂ ಭಯವಿತ್ತು.

ಚಿಕ್ಕಮ್ಮ ಚೀಲದಿಂದ ಫ್ಲಾಸ್ಕ್ ತೆಗೆದರು. ಅದರ ಮುಚ್ಚಳಕ್ಕೆ ಕಾಫಿ ಬಗ್ಗಿಸಿದರು. ಅಭ್ಯಾಸಬಲದಿಂದ ಚಿಕ್ಕಪ್ಪ ಕೈ ಚಾಚಿದರು. ಚಿಕ್ಕಮ್ಮ ಕೊಡಲಿಲ್ಲ. ತಾವೇ ಒಂದು ಗುಟುಕು ಕುಡಿದರು.

"ಏಯ್, ಮೊದಲು ನಾನು..."

"ನೀವು ಯಾವತ್ತು ಮೊದಲು ಕುಡಿದಿದ್ರಿ?" ಎಂದರು ಚಿಕ್ಕಮ್ಮ. "ಕ್ವಾರ್ಟರ್ಸ್‌ನಲ್ಲಿದ್ದಾಗಿಂದ ಅಡುಗೆಮನೇಲಿ ನಾನು ಕುಡಿದು ನೋಡಿಯೇ ನಿಮಗೆ ತರ್ತಿದ್ದಿದ್ದು. ಹಾಲು ಕೆಟ್ಟ ದಿನ ಎಷ್ಟು ಸಲ ಚೆಲ್ಲಿ ಬೇರೆ ಮಾಡಿದೀನಿ, ನಿಮಗೇನು ಗೊತ್ತು? ನೀವು ಕಣ್ಮುಚ್ಕೊಂಡು ಪಾಸ್ ಅಂತಿದ್ರಿ. ನಿಮಗೇನಾದ್ರೂ ಆದ್ರೆ ನನಗೆ ಯಾರಿದಾರೆ?"

ಚಿಕ್ಕಪ್ಪ ಚಿಕ್ಕಮ್ಮನನ್ನು ನೋಡಿದರು, ನನ್ನನ್ನು ನೋಡಿದರು, ಮತ್ತೆ ಚಿಕ್ಕಮ್ಮನನ್ನು ನೋಡಿದರು.

"ಕುಡೀರಿ. ಸರಿಯಾಗಿದೆ" ಎಂದು ಚಿಕ್ಕಮ್ಮ ಮುಚ್ಚಳವನ್ನು ಅವರ ಕೈಗಿಟ್ಟರು. ಅದು ತುಳುಕದಂತೆ ತಮ್ಮ ಕೈಯನ್ನೂ ಅಲ್ಲೇ ಬಿಟ್ಟರು.

ಅರ್ಧ ಗಂಟೆ ಆಯಿತು, ಇನ್ನು ಹೊರಡಬಹುದು ಎಂದು ನರ್ಸ್ ಬಂದು ಹೇಳಿದಳು. ಇಬ್ಬರೂ ಏಳಲಿಲ್ಲ. ಚಿಕ್ಕಪ್ಪ ಇನ್ನೂ ಕಾಫಿ ಕುಡಿಯುತ್ತಿದ್ದರು.